ಕಳೆಯಿಂದ ಕುರ್ಚಿ

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಕೈಯಲ್ಲಿ, ಕಾಡನ್ನೇ ನುಂಗುತ್ತಿರುವ ಲಂಟಾನ ಎಂಬ ಕಳೆ ಕುರ್ಚಿಯಾಗುತ್ತದೆ. ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯ ತರಬೇತಿಯಿಂದ ಬೆಳೆದ ಕಸುಬಿದು. ಕೋಲನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಹೆರೆದು, ಬಿಸಿಯಿರುವಾಗಲೇ ಬಾಗಿಸಬೇಕು; ತಣಿದರೆ ಮಾತು ಕೇಳದು.

ಮರಗೆಲಸಕ್ಕೆ ಕೈಹಚ್ಚುವ ಹೊಸಬರಿಗೆ ಲಂಟಾನಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಮೊದಲು ಒಂದು ತಟ್ಟೆ ಮಾಡಿದರೆ ಬಾಗಿಸುವ ಹದ ಕೈಗೆ ಹತ್ತುತ್ತದೆ. ಆಮೇಲೆ ಸ್ಟೂಲು: ನಾಲ್ಕು ಕಾಲೂ ನೆಲ ಮುಟ್ಟಬೇಕು, ಮೊಳೆ ಹೊಡೆದಲ್ಲಿ ಕೋಲು ಸೀಳಬಾರದು. ಕೊನೆಗೆ ಕುರ್ಚಿ: ಒರಗುವ ಕಡೆಯ ಓರೆ ಕೂತವರ ಬೆನ್ನಿಗೆ ಒಗ್ಗಬೇಕು. ಪ್ರತಿ ವಸ್ತುವೂ ಒಂದೊಂದೇ ಹೊಸ ಕಷ್ಟ ತಂದರೆ ಕೈ ಪಳಗುತ್ತದೆ. ಕಲಿಯುವಾಗ ತೇಗ, ಬೀಟೆ ಕೆಟ್ಟರೆ ಜೇಬಿಗೆ ಕತ್ತರಿ. ಲಂಟಾನಕ್ಕೇನು, ಕಾಡಿನ ತುಂಬ ಬಿದ್ದಿದೆ.