ಬೃಹತ್ಸಂಹಿತೆಯ ಪತಾಕೆಯೂ ಗಿರಿದೇಶದ ಗಾಳಿಯೂ

ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರಾಚಾರ್ಯನ ಬೃಹತ್ಸಂಹಿತೆಯಲ್ಲಿ ವಾಯುಪರೀಕ್ಷೆಯನ್ನು ಹೇಳುವ ಅಧ್ಯಾಯಗಳ ವಿಷಯದಲ್ಲಿ ಎರಡು ಪಕ್ಷಗಳುಂಟು. ಇಂದಿನ ವಾಯುಶಾಸ್ತ್ರವೆಲ್ಲವೂ ಅಲ್ಲಿಯೇ ಅಡಗಿರುವುದೆಂಬುದು ಒಂದು. ಅದೆಲ್ಲವೂ ಬರಿಯ ಶಕುನವೆಂಬುದು ಇನ್ನೊಂದು. ಮೂಲವನ್ನು ಪರಾಮರ್ಶಿಸಿದರೆ ಎರಡೂ ನಿಲ್ಲಲಾರವು.

ರೋಹಿಣೀಯೋಗದ ಅಧ್ಯಾಯದಲ್ಲಿ ದೈವಜ್ಞನು ಪುರದ ಉತ್ತರಕ್ಕಾಗಲಿ ಪೂರ್ವಕ್ಕಾಗಲಿ ಇರುವ ಸ್ಥಳದಲ್ಲಿ ಮೂರು ದಿನ ತಂಗಬೇಕೆಂದು ವಿಧಿಸಿದೆ. ಆತನು ಮೊದಲು ದಿಕ್ಕುಗಳನ್ನು ಗೊತ್ತುಮಾಡಿಕೊಂಡು, ಒಂದು ದಂಡದಷ್ಟು ಉದ್ದವಾದ ನುಣುಪಾದ ಕಪ್ಪು ಪತಾಕೆಯನ್ನು ಅದರ ಮೂರರಷ್ಟು ಎತ್ತರದಲ್ಲಿ ಕಟ್ಟಿ ಗಾಳಿಯನ್ನು ಗ್ರಹಿಸಬೇಕು. ದಂಡವು ನಾಲ್ಕು ಮೊಳವಾದುದರಿಂದ ಎತ್ತರವು ಹನ್ನೆರಡು ಮೊಳವಾಯಿತು. ಮನೆಮಾಡುಗಳ ತಡೆಯಿಂದ ದೂರವಾಗಿ, ನೆಲದಿಂದ ಮೇಲೆ, ನಿಶ್ಚಿತವಾದ ಅಳತೆಯಲ್ಲಿ ನೋಡಬೇಕೆಂಬ ಈ ವಿಧಿಯು ಶಕುನವಲ್ಲ, ಪ್ರತ್ಯಕ್ಷಪ್ರಮಾಣ. ಇಂದಿನ ವೀಕ್ಷಣಾಲಯಗಳೂ ಇದೇ ಕಾರಣದಿಂದ ಬಯಲಿನಲ್ಲಿ 10 ಮೀಟರು ಎತ್ತರದಲ್ಲಿ ಗಾಳಿಯನ್ನು ಅಳೆಯುವುವು.

ಆದರೆ ನ್ಯೂನತೆಯೂ ಅಲ್ಲಿಯೇ ಇದೆ. ನೆಲೆನಿಂತ ಗಾಳಿಯೇ ಬಲವತ್ತರವೆಂದು ಆಚಾರ್ಯನ ಮತ. ಕ್ಷಣಮಾತ್ರದಲ್ಲಿ ಹೊಡೆದು ಅಡಗುವ ಗಾಳಿಗೆ ಆ ಗಣನೆಯಲ್ಲಿ ಸ್ಥಾನವಿಲ್ಲ. ಮಳೆಯನ್ನು ಮುಂದಾಗಿ ತಿಳಿಯುವುದೇ ಆತನ ಉದ್ದೇಶವಾದುದರಿಂದ ಇದು ಕ್ಷಮ್ಯ. ಆದರೆ ಒಂದೆಡೆಯ ಪತಾಕೆಯಿಂದ ಕಂಡ ಲಕ್ಷಣಕ್ಕೆ ದೇಶಭೇದದ ಎಣಿಕೆಯೇ ಇಲ್ಲದಿರುವುದು ದೋಷವೇ ಸರಿ. ವರಾಹಮಿಹಿರನು ಅವಂತಿಯವನು, ಮಾಳವದ ವಿಶಾಲವಾದ ಪ್ರಸ್ಥಭೂಮಿಯಲ್ಲಿ ಒಂದು ಪತಾಕೆ ಸುತ್ತಣ ಸೀಮೆಗೆ ಸಾಕ್ಷಿಯಾಗಬಹುದು. ಗಿರಿದೇಶದಲ್ಲಿ ಹಾಗಾಗದು.

ಪಾಲಕ್ಕಾಡಿನ ಕಣಿವೆಯನ್ನೇ ನೋಡಬಹುದು. ಉತ್ತರದಲ್ಲಿ ನೀಲಗಿರಿ, ದಕ್ಷಿಣದಲ್ಲಿ ಆನೆಮಲೆ. ಎರಡರಲ್ಲಿಯೂ 2600 ಮೀಟರಿಗೆ ಮೀರಿದ ಶಿಖರಗಳಿವೆ. ನಡುವೆ ಸುಮಾರು 30 ಕಿಲೋಮೀಟರು ಅಗಲದ ತಗ್ಗು. ಬೆಟ್ಟವನ್ನು ಏರಲಾರದ ಗಾಳಿ ಆ ಬಾಗಿಲಲ್ಲಿ ನುಗ್ಗಿ ವೇಗಗೊಳ್ಳುವುದು. ಮುಂಗಾರಿನಲ್ಲಿ ಅದು ಪಶ್ಚಿಮದಿಂದ ಪೂರ್ವದ ಬಯಲಿಗೆ ರಭಸದಿಂದ ಹೊರಬೀಳುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಬೀಸುತ್ತದೆ. ಕೆಲವೇ ಹರದಾರಿಯ ಅಂತರದಲ್ಲಿ, ಬೆಟ್ಟದ ಮರೆಯಲ್ಲಿ, ಅದೇ ದಿನ ಗಾಳಿ ಮಂದವಾಗಿರಬಹುದು, ಇಲ್ಲವೆ ಸುಳಿಸುಳಿಯಾಗಿ ದಿಕ್ಕುಗೆಡಬಹುದು. ಅಲ್ಲಿ ನೆಟ್ಟ ಎರಡು ಪತಾಕೆಗಳು ಎರಡು ಫಲಗಳನ್ನು ಹೇಳಿದರೆ ಯಾವುದು ಪ್ರಮಾಣ? ಮೂಲದಲ್ಲಿ ಉತ್ತರವಿಲ್ಲ.

ಇಂದಿನ ಶಾಸ್ತ್ರವು 10 ನಿಮಿಷಗಳ ಸರಾಸರಿಯನ್ನು ಗಾಳಿಯ ವೇಗವೆಂದೂ, 3 ಸೆಕೆಂಡುಗಳ ಪರಮವೇಗವನ್ನು ಅದರ ಹೊಡೆತವೆಂದೂ ಬೇರ್ಪಡಿಸುತ್ತದೆ. ನೆಲದ ಒರಟುತನ, ಬಿಸಿಲಿನಿಂದ ಮೇಲುಗಾಳಿ ಕೆಳಕ್ಕೆ ಬೆರೆಯುವುದು, ಬೆಟ್ಟದ ಹಿಂದಣ ಅಲೆಗಳು, ಇವನ್ನು ಎಣಿಸಿ ಸರಾಸರಿಯಿಂದ ಹೊಡೆತವನ್ನು ಊಹಿಸುತ್ತದೆ. ಈ ಗಣಿತವೂ ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಮಾಡಿದುದು. 2025ರಲ್ಲಿ ಭಾರತದಲ್ಲಿ ಬಳಕೆಗೆ ಬಂದ ಪದ್ಧತಿಯಲ್ಲಿ ಒಂದು ಚೌಕದ ಅಳತೆ 6 ಕಿಲೋಮೀಟರು. ಅದಕ್ಕಿಂತ ಕಿರಿದಾದ ಕಣಿವೆ ಲೆಕ್ಕಕ್ಕೆ ನೇರವಾಗಿ ಸಿಕ್ಕದು. ದೇಶಭೇದದ ತೊಡಕು ಹೀಗೆ ಸಣ್ಣದಾಗಿದೆಯೇ ಹೊರತು ಅಳಿದಿಲ್ಲ.

ಆದುದರಿಂದ ಬೃಹತ್ಸಂಹಿತೆಯನ್ನು ಪಾಠಹೇಳುವವರು ಪತಾಕೆಯ ವಿಧಿಯನ್ನೂ ಅದರಿಂದ ತೆಗೆದ ಫಲವನ್ನೂ ಬೇರೆಬೇರೆಯಾಗಿ ವಿವೇಚಿಸುವುದು ಯುಕ್ತ. ವಿಧಿಯು ಗ್ರಾಹ್ಯ, ಫಲವು ಅವಂತಿಯ ಬಯಲಿಗೆ ಎಷ್ಟರಮಟ್ಟಿಗೆ ಸಂದಿತೆಂಬುದು ಪರೀಕ್ಷೆಗೆ ಅರ್ಹ, ಗಿರಿದೇಶಕ್ಕಂತೂ ಸಲ್ಲದು. ಆಚಾರ್ಯನಿಗೆ ಇಲ್ಲದ ಸರ್ವಜ್ಞತೆಯನ್ನು ಆರೋಪಿಸುವುದೂ, ಇರುವ ವೀಕ್ಷಣಶ್ರದ್ಧೆಯನ್ನು ಅಲ್ಲಗಳೆಯುವುದೂ ಗ್ರಂಥವನ್ನು ಓದದೆಯೇ ಆಡಿದ ಮಾತುಗಳಾಗುವುವು.