ಗಿಡ್ಡ ಕಾರ್ಡಿನ ಹೆಚ್ಚುಗಾರಿಕೆ

ಲೋ ಪ್ರೊಫೈಲ್ ಗ್ರಾಫಿಕ್ಸ್ ಕಾರ್ಡ್ ಇಕ್ಕಟ್ಟಿನಲ್ಲೇ ಅರಳಿದ ಜಾಣ ಕಸುಬು. ಸಾಮಾನ್ಯ ಕಾರ್ಡಿನ ಲೋಹದ ಪಟ್ಟಿ ಸುಮಾರು 120 ಮಿಲಿಮೀಟರ್ ಎತ್ತರವಿದ್ದರೆ ಇದರದು 80. ಆಫೀಸುಗಳಲ್ಲಿ ದುಡಿದು ಹೊರಬಿದ್ದ ತೆಳು ಕಂಪ್ಯೂಟರುಗಳಲ್ಲಿ ಹಿಡಿಸುವುದು ಇದೊಂದೇ.

ಅಳತೆಯಷ್ಟೇ ಮುಖ್ಯವಾದದ್ದು ವಿದ್ಯುತ್ತು. ಸಣ್ಣ ಕೇಸಿನ ಪವರ್ ಸಪ್ಲೈನಲ್ಲಿ ಕಾರ್ಡಿಗೆಂದು ಬೇರೆ ವೈರು ಸಾಮಾನ್ಯವಾಗಿ ಇರುವುದಿಲ್ಲ; ಮದರ್‌ಬೋರ್ಡಿನ ಸ್ಲಾಟು ಕೊಡುವ ಗರಿಷ್ಠ 75 ವ್ಯಾಟಿನಲ್ಲೇ ಸಂಸಾರ ನಡೆಯಬೇಕು. ಈ ಮಿತಿಯೊಳಗೆ ಎಂಜಿನಿಯರುಗಳು ಸಾಧಿಸಿದ್ದು ನಿಜಕ್ಕೂ ದೊಡ್ಡದು. 2017ರ ಜಿಟಿ 1030 ಮೂವತ್ತು ವ್ಯಾಟಿನಲ್ಲೇ ಹಳೆಯ ಆಟಗಳನ್ನು ಆಡಿಸುತ್ತದೆ. ಆದರೆ ಅದೇ ಹೆಸರಿನಲ್ಲಿ ನಿಧಾನ ಮೆಮೊರಿಯ ಡಿಡಿಆರ್4 ಕಾರ್ಡೂ ಇದೆ. ಡಬ್ಬದ ಮೇಲೆ ಜಿಡಿಡಿಆರ್5 ಎಂದಿರುವುದನ್ನು ನೋಡಿಯೇ ಕೊಳ್ಳಬೇಕು. 2022ರ ಆರ್‌ಎಕ್ಸ್ 6400 ಇನ್ನೂ ಚುರುಕು, 53 ವ್ಯಾಟ್ ಸಾಕು. ಆದರೆ ಅದು ಬಳಸುವುದು ಸ್ಲಾಟಿನ ನಾಲ್ಕೇ ಲೇನು, ಅಂದರೆ ಡೇಟಾ ಹಾದಿ; ಹಾಗಾಗಿ ಪಿಸಿಐಇ 3.0 ಸ್ಲಾಟಿನ ಹಳೆಯ ಯಂತ್ರದಲ್ಲಿ ವೇಗ ಕುಗ್ಗುತ್ತದೆ. ವಿಡಿಯೊ ಎನ್‌ಕೋಡರೂ ಅದರಲ್ಲಿಲ್ಲ. ಹಳೆಯ ಯಂತ್ರಕ್ಕೆ 2019ರ ಜಿಟಿಎಕ್ಸ್ 1650 ಹೆಚ್ಚು ಒಗ್ಗುತ್ತದೆ.

ಕೈ ಸ್ವಲ್ಪ ಸಡಿಲವಾದರೆ 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡೇ ಉತ್ತಮ: ಅದಕ್ಕೆ ಬೇಕಾದ್ದು 70 ವ್ಯಾಟ್ ಮಾತ್ರ. ಇದರ ಎತ್ತರದ ಮಾದರಿಗಳೂ ಇರುವುದರಿಂದ ಗಿಡ್ಡದ್ದನ್ನೇ ಕೇಳಬೇಕು. ದಪ್ಪವೂ ಲೆಕ್ಕಕ್ಕೆ ಬರುತ್ತದೆ; ಎಷ್ಟೋ ಗಿಡ್ಡ ಕಾರ್ಡುಗಳು ಎರಡು ಸ್ಲಾಟಿನ ಜಾಗ ಹಿಡಿಯುತ್ತವೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಗಿಡ್ಡ ಪಟ್ಟಿ ಜೊತೆಗಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು.