ಪಕ್ಕದವರ ತಟ್ಟೆ ನೋಡಿ ಉಣ್ಣುವ ಮಕ್ಕಳು

ಆರು ವರ್ಷದ ಮಗುವಿಗೆ ಮನೆಯಲ್ಲಿ ಊಟ ಮಾಡಿಸುವುದೆಂದರೆ ಎಷ್ಟೋ ತಾಯಂದಿರಿಗೆ ಮುಕ್ಕಾಲು ಗಂಟೆಯ ಕೆಲಸ. ಎದುರಿಗೆ ಮೊಬೈಲಿನಲ್ಲಿ ಕಾರ್ಟೂನು. ಮಗು ಮೈಮರೆತು ಬಾಯಿ ತೆರೆದಾಗ ಒಂದು ತುತ್ತು ಒಳಗೆ. ಅದೇ ವಯಸ್ಸಿನ ಇನ್ನೊಂದು ಮಗು ಸರ್ಕಾರಿ ಶಾಲೆಯ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಿಸಿ ಸಾರನ್ನ ಕಲಸಿ, ಯಾರೂ ರಮಿಸದೆ ತಾನೇ ಉಂಡು ತಟ್ಟೆ ತೊಳೆದಿಡುತ್ತದೆ. ಬಡವರ ಮಕ್ಕಳು, ಹಸಿವಿರುತ್ತದೆ ಎಂದು ಹೇಳಿ ಮುಗಿಸುವವರಿದ್ದಾರೆ. ಹಸಿವಿರುವುದು ನಿಜ. ಆದರೆ ಎಂದೂ ಬಾಯಿಗಿಡದ ಹೀರೆಕಾಯಿಯನ್ನೂ ಆ ಮಗು ಅಲ್ಲಿ ತಿನ್ನುವುದಕ್ಕೆ ಹಸಿವೊಂದೇ ಕಾರಣವಲ್ಲ.

ಬಿಸಿಯೂಟವನ್ನು ನಾವು ಇಷ್ಟು ವರ್ಷ ತೂಗಿದ್ದು ಗ್ರಾಂ ಲೆಕ್ಕದಲ್ಲಿ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಿ ಎಂದಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಆಮೇಲೆ ಮೊಟ್ಟೆ, ರಾಗಿ ಮಾಲ್ಟ್. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಈ ಲೆಕ್ಕ ಬೇಕು. ಆದರೆ ಈ ಯೋಜನೆಯ ದೊಡ್ಡ ಗೆಲುವು ಲೆಕ್ಕದ ಪುಸ್ತಕದಲ್ಲಿ ಇಲ್ಲ, ಅದು ಪಂಕ್ತಿಯಲ್ಲಿದೆ.

ಅಮೆರಿಕದ ಮನಃಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ತರಕಾರಿಯನ್ನು ಒಲ್ಲದ ಪುಟ್ಟ ಮಗುವನ್ನು, ಅದನ್ನೇ ಇಷ್ಟಪಡುವ ಮಕ್ಕಳ ಜೊತೆ ಕೆಲವು ದಿನ ಊಟಕ್ಕೆ ಕೂರಿಸಿದರೆ, ಅದೂ ಆ ತರಕಾರಿಯತ್ತ ಕೈ ಚಾಚತೊಡಗುತ್ತದೆ. ಅವರೂ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಇನ್ನೊಂದು ಮಗ್ಗುಲು: ಸೂಪು ಕುಡಿದು ಮುಗಿಸು ಎಂದು ಒತ್ತಾಯಿಸಿದಾಗ ಮಕ್ಕಳು ಕುಡಿದದ್ದು ಕಡಿಮೆ, ಗೊಣಗಿದ್ದು ಹೆಚ್ಚು. ನಮ್ಮ ಜಗಲಿಯ ಪಂಕ್ತಿ ಮೊದಲನೆಯದನ್ನು ಯಾರ ಯೋಜನೆಯೂ ಇಲ್ಲದೆ ಮಾಡುತ್ತಿದೆ. ಮೊಬೈಲ್ ಹಿಡಿದ ಮನೆ ಎರಡನೆಯದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ: ಅಲ್ಲಿ ಮಗುವಿಗೆ ತಾನು ಏನು ತಿಂದೆ ಎಂಬುದೇ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ.

ಹಾಗೆಂದು ಶಾಲೆಯ ಊಟವನ್ನು ಹೊಗಳಿ ಕೂರುವಂತಿಲ್ಲ. ವಾರದ ಬಹುಪಾಲು ದಿನ ಅದೇ ಅನ್ನ, ಅದೇ ಸಾಂಬಾರು. ಜೋಳದ ರೊಟ್ಟಿ, ಪುಂಡಿಪಲ್ಯೆ ಉಂಡು ಬೆಳೆದ ರಾಯಚೂರಿನ ಮಗುವಿಗೂ ಮಂಡ್ಯದ ಮುದ್ದೆಯ ಮಗುವಿಗೂ ಒಂದೇ ತಟ್ಟೆ. ಇನ್ನೂರು ಮಕ್ಕಳಿಗೆ ರೊಟ್ಟಿ ಬಡಿಯಿರಿ ಎಂದು ಮೂವರು ಅಡುಗೆಯವರಿಗೆ ಹೇಳುವುದು ಅನ್ಯಾಯವೇ ಸರಿ. ಆದರೆ ಜೋಳದ ನುಚ್ಚು ಬೇಯಿಸಲು ಏನಡ್ಡಿ? ನಗರಗಳಲ್ಲಿ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುವ ಊಟದ ಕಥೆ ಇನ್ನೂ ಬೇರೆ. ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಅಕ್ಷಯ ಪಾತ್ರ ಸಂಸ್ಥೆಯ ಸಾಂಬಾರಿನ ಬಗ್ಗೆ ನಡೆದ ಚರ್ಚೆಯಲ್ಲಿ ಪೌಷ್ಟಿಕಾಂಶದ ಪ್ರಮಾಣಪತ್ರಗಳು ಮುಂದೆ ಬಂದವು, ಮಕ್ಕಳ ನಾಲಗೆ ಹಿಂದೆ ಉಳಿಯಿತು. ತಪಾಸಣೆಗೆ ಬರುವವರು ದಾಸ್ತಾನು ಕೋಣೆಗಿಂತ ಮೊದಲು ಎಂಜಲಿನ ಬಕೆಟ್ ನೋಡಬೇಕು ಎಂಬುದು ನನ್ನ ಹಠ. ಯಾವ ತರಕಾರಿ ಅದರಲ್ಲಿ ಬಿದ್ದಿದೆ ಎಂಬುದು ಯಾವ ವರದಿಗಿಂತಲೂ ಸ್ಪಷ್ಟ.

ಖಾಸಗಿ ಶಾಲೆಯ ಡಬ್ಬಿಯಲ್ಲಿ ಪಂಕ್ತಿಯ ಲಾಭವೂ ಇಲ್ಲ. ಒಬ್ಬೊಬ್ಬರದು ಒಂದೊಂದು ತಿಂಡಿ, ಹಂಚಿಕೊಳ್ಳಬೇಡ ಎಂಬ ಎಚ್ಚರಿಕೆ ಬೇರೆ. ಇನ್ನು ಸಂಜೆ ನಾಲ್ಕಕ್ಕೆ ಅಂಗಡಿಯ ಐದು ರೂಪಾಯಿ ಪೊಟ್ಟಣ ಬಿಚ್ಚಿಕೊಳ್ಳುವಾಗ ಎರಡೂ ಶಾಲೆಯ ಮಕ್ಕಳು ಒಂದೇ.

ಮನೆ ಕಲಿಸಿದ ಕೆಟ್ಟ ರೂಢಿ ಪಂಕ್ತಿಯನ್ನೇ ಮುರಿಯುವುದೂ ಉಂಟು. ಅಡುಗೆಯವರ ಜಾತಿ ನೋಡಿ ಮಕ್ಕಳಿಗೆ ಉಣ್ಣಬೇಡಿ ಎಂದ ಪೋಷಕರ ಸುದ್ದಿ ನಮ್ಮ ರಾಜ್ಯದಲ್ಲೇ ಬಂದಿದೆ. ಆರು ವರ್ಷದ ಮಗುವಿಗೆ ಸಾರಿನ ರುಚಿ ಗೊತ್ತು, ಜಾತಿ ಗೊತ್ತಿರುವುದಿಲ್ಲ. ಅದನ್ನು ಮನೆಯಲ್ಲಿ ಹೇಳಿಕೊಡಬೇಕು. ಇಂಥ ಕಡೆ ಗಲಾಟೆಗೆ ಹೆದರಿ ಅಡುಗೆಯವರನ್ನು ಬದಲಿಸುವುದಕ್ಕಿಂತ, ಮೇಷ್ಟ್ರುಗಳು ಅದೇ ಪಂಕ್ತಿಯಲ್ಲಿ ಕೂರಲಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಹೇಗೂ ಇದೆ. ಅದು ಒಂದು ಚಮಚ ಸಾಂಬಾರು, ಒಂದು ಸಹಿಯಲ್ಲಿ ಮುಗಿದುಹೋಗುತ್ತದೆ. ತಟ್ಟೆ ತುಂಬ ಬಡಿಸಿಕೊಂಡು, ಮಕ್ಕಳ ಪಕ್ಕ ಕೂತು ಪೂರ್ತಿ ಉಣ್ಣಬೇಕು ಎಂದು ಆ ನಿಯಮವನ್ನು ತಿದ್ದಲಿ.